ಯಾವ ಹ್ಯಾಂಗ ರೀ?

ಲಕ್ವಾ ಹೊಡೆದ ಮೇಲೆ ನನ್ನ ಗಂಡನ ಬಾಯಲ್ಲಿ ಉಳಿದದ್ದು ಒಂದೇ ಒಂದು ಶಬ್ದ. "ಹ್ಯಾಂಗ." ನಮ್ಮ ವಿಜಯಪುರದ ಕಡೆ 'ಹೇಗೆ' ಅನ್ನುವುದಕ್ಕೆ ಹೀಗೇ ಅನ್ನುತ್ತೇವೆ. ನೀರು ಬೇಕಾದರೂ ಹ್ಯಾಂಗ, ಫ್ಯಾನಿನ ಗಾಳಿ ಜಾಸ್ತಿಯಾದರೂ ಹ್ಯಾಂಗ, ಬೆನ್ನು ತುರಿಸಿದರೂ ಹ್ಯಾಂಗ. ಆಸ್ಪತ್ರೆಯಲ್ಲಿ ಮೊದಲ ಸಲ ಅದನ್ನು ಅಂದಾಗ ನರ್ಸಮ್ಮನ ಕೈ ಹಿಡಿದು ಅತ್ತಿದ್ದೆ, ಮಾತು ಬಂತು ಅಂತ. ತಿಂಗಳು ಕಳೆಯಿತು, ಎರಡಾಯಿತು, ಬಂದದ್ದು ಅದೊಂದೇ. ಆಮೇಲೆ ಅದನ್ನು ಕೇಳಿದರೆ ಸಾಕು, ತಲೆ ಕೆಟ್ಟು ಹೋಗುತ್ತಿತ್ತು. ಸುಳ್ಳು ಯಾಕೆ ಬರೆಯಲಿ?

ಒಬ್ಬರಿಗೆ ಮಾತಿಲ್ಲದಿದ್ದರೆ ಮನೆಯಲ್ಲಿ ಜಗಳವಿರುವುದಿಲ್ಲ ಅಂದುಕೊಳ್ಳಬೇಡಿ. 'ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುತ್ತಾರಲ್ಲ, ಮಾತು ಇಲ್ಲದವರ ಜೊತೆಗೂ ದಿನಾ ಜಗಳವಾಡಬಹುದು ಅಂತ ನಾನು ತೋರಿಸಿಕೊಟ್ಟಿದ್ದೇನೆ. ಅವರು ಹ್ಯಾಂಗ ಅನ್ನುವುದು, ನಾನು ನೀರು ಕೊಡುವುದು, ಅವರು ಎಡಗೈಯಿಂದ ಲೋಟ ತಳ್ಳುವುದು, ನಾನು "ಮತ್ತೇನ್ ಬೇಕ್ರೀ ನಿಮಗ?" ಅಂತ ದನಿ ಎತ್ತುವುದು. ಪಕ್ಕದ ಮನೆಯ ಮರಾಠಿ ಹೆಂಗಸು ಬಾಗಿಲಿಗೆ ಬಂದು ನಿಂತು ಹಾಗೆಯೇ ಹಿಂದಕ್ಕೆ ಹೋಗುತ್ತಿದ್ದಳು.

ನಾವಿರುವುದು ಮುಂಬೈಯ ವಿಕ್ರೋಳಿಯಲ್ಲಿ, ಲಿಫ್ಟಿಲ್ಲದ ಹಳೆಯ ಬಿಲ್ಡಿಂಗಿನ ಎರಡನೇ ಮಹಡಿ. ಅವರು ಇಲ್ಲಿಯೇ ಒಂದು ಕಂಪನಿಯ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದರು. ಹತ್ತೊಂಬತ್ತಕ್ಕೆ ಊರು ಬಿಟ್ಟು ಬಂದಾಗ ಕನ್ನಡ ಬಿಟ್ಟು ಏನೂ ಬರುತ್ತಿರಲಿಲ್ಲವಂತೆ. ರಿಟೈರ್ ಆಗುವ ಹೊತ್ತಿಗೆ ಕ್ಯಾಂಟೀನಿನಲ್ಲಿ ಮರಾಠಿಯಲ್ಲಿ ಚೇಷ್ಟೆ ಮಾಡಿ ಮರಾಠಿಯವರನ್ನೇ ನಗಿಸುತ್ತಿದ್ದರು. ಹಿಂದಿಯಂತೂ ನೀರು ಕುಡಿದಂತೆ. ನಾನು ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಗಾರೆ ಕೆಲಸದವರ, ವಾಚ್‌ಮನ್‌ಗಳ, ಹೋಟೆಲಿನ ಭಟ್ಟರ ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಅ ಆ ಇ ಈ ತಿದ್ದಿಸಿದೆ. ನಮ್ಮ ಸ್ವಂತ ಮಗಳನ್ನು ಮಾತ್ರ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದೆವು. 'ಮನೆಗೆ ಮಾರಿ, ಊರಿಗೆ ಉಪಕಾರಿ' ಅಂದರೆ ನಾನೇ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ಹೋದರೆ ಕಲ್ಲು ಎಡವಿದ ಹಾಗೆ. ಅಪ್ಪ ಮಗಳ ಮಾತೆಲ್ಲ ಮೊದಲಿನಿಂದ ಹಿಂದಿಯಲ್ಲೇ ನಡೆದದ್ದು. ಅವಳು ಲಗ್ನವಾಗಿ ಕಾಂದಿವಲಿಗೆ ಹೋದ ಮೇಲೂ ದಿನಾ ಅಪ್ಪನಿಗೆ ಫೋನ್ ಮಾಡಿ ಅರ್ಧ ಗಂಟೆ ಹಿಂದಿಯಲ್ಲಿ ಹರಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ.

ಲಕ್ವಾ ಹಿಂದಿಯನ್ನು ಪೂರ್ತಿ ಒರೆಸಿಕೊಂಡು ಹೋಯಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು ಬಂದು ಚಿತ್ರದ ಕಾರ್ಡು ಹಿಡಿದು "ಯೇ ಕ್ಯಾ ಹೈ, ಅಂಕಲ್?" ಅಂತ ಕೇಳಿದರೆ ಇವರು ನನ್ನ ಮುಖ ನೋಡುತ್ತಿದ್ದರು. ಅದು ಬಾಳೆಹಣ್ಣು ಅಂತ ಗೊತ್ತು, ಅವಳು ಕೇಳುತ್ತಿರುವುದು ಏನು ಅಂತ ಗೊತ್ತಿಲ್ಲ. ನಾನು "ಇದೇನ್ರೀ?" ಅಂದ ತಕ್ಷಣ ಕಣ್ಣು ಹೊಳೆಯುತ್ತಿತ್ತು. ಕೆಲವರಲ್ಲಿ ಹೀಗಾಗುತ್ತದೆ, ಮೊದಲು ಕಲಿತ ಭಾಷೆ ಉಳಿದು ಆಮೇಲಿನದು ಹೋಗುತ್ತದೆ ಅಂತ ಡಾಕ್ಟರು ಹೇಳಿದರು. ಮಗಳು ಫೋನಿನಲ್ಲಿ "ಪಪ್ಪಾ, ಕೈಸೇ ಹೋ?" ಅಂದಾಗ ಅವರು ಫೋನನ್ನು ಕಿವಿಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ಅವಳು ಅಪ್ಪನಿಗೆ ಫೋನ್ ಮಾಡುವುದನ್ನೇ ಬಿಟ್ಟಳು. ನನಗೆ ಮಾಡುತ್ತಿದ್ದಳು, ಔಷಧಿಯ ಲೆಕ್ಕ ಕೇಳಿ ಇಡುತ್ತಿದ್ದಳು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಧೈರ್ಯ ಬರಲಿಕ್ಕಿಲ್ಲ. ಲಕ್ವಾ ಹೊಡೆದ ದಿನ ಬೆಳಗ್ಗೆ ಅವರು "ಕೈ ಯಾಕೋ ಜುಮ್ ಜುಮ್ ಅಂತದ" ಅಂದಿದ್ದರು. ಹಾಲು ತರಲು ಹೇಳಿದಾಗಲೆಲ್ಲ ಒಂದಿಲ್ಲೊಂದು ನೆಪ ಹೇಳುವುದು ಅವರ ಹಳೆಯ ಚಾಳಿ. "ಜುಮ್ ಅಂದ್ರ ಅನ್ಲಿ, ಮೊದಲ ಹಾಲು ತರ್ರಿ" ಅಂದೆ. ಹೋದರು. ಎರಡು ಮಹಡಿ ಇಳಿದು, ಹಾಲು ತಂದು, ಎರಡು ಮಹಡಿ ಹತ್ತಿ, ಪಾಕೀಟು ಕಟ್ಟೆಯ ಮೇಲಿಟ್ಟು ಅಲ್ಲೇ ಬಿದ್ದರು. ಡಾಕ್ಟರು "ಮೊದಲು ಏನಾದರೂ ಲಕ್ಷಣ ಹೇಳಿದ್ದರೇ?" ಅಂತ ಕೇಳಿದಾಗ ಇಲ್ಲ ಅಂದೆ. ಮಗಳಿಗೂ ಅದನ್ನೇ ಹೇಳಿದೆ. ಗೊತ್ತಿದ್ದವರು ನಾವಿಬ್ಬರೇ, ಅದರಲ್ಲಿ ಒಬ್ಬರಿಗೆ ಮಾತಿಲ್ಲ.

ಮನೆಗೆ ಬಂದ ಮೇಲೆ ನಾನೇ ಕಲಿಸುತ್ತೇನೆ ಅಂತ ಕೂತೆ. ಸಾವಿರಾರು ಮಕ್ಕಳಿಗೆ ಕಲಿಸಿದವಳಿಗೆ ಒಬ್ಬ ಗಂಡನಿಗೆ ಕಲಿಸುವುದು ಏನು ಮಹಾ? ಸ್ಲೇಟು, ಬಳಪ, ಚಿತ್ರದ ಪಟ ಎಲ್ಲ ಹೊರಗೆ ಬಂದವು. "ಮ ಅನ್ರಿ." "ಹ್ಯಾಂಗ." "ಅಲ್ರೀ, ಮ." "ಹ್ಯಾಂಗ." ಮೂರನೇ ದಿನ ಸ್ಲೇಟು ಕುಟ್ಟಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು, ಸಂಜೆವರೆಗೂ ಊಟ ಮಾಡಲಿಲ್ಲ. ಒಂದನೇ ಇಯತ್ತೆಯ ಮಗು ಅತ್ತರೆ ಎತ್ತಿಕೊಳ್ಳಬಹುದು, ಅರವತ್ತೆರಡರ ಗಂಡಸನ್ನು ಏನು ಮಾಡುವುದು? ಸ್ಲೇಟನ್ನು ಮತ್ತೆ ಅಟ್ಟದ ಮೇಲೆ ಹಾಕಿದೆ.

ನನ್ನ ಶಾಲೆಯ ಹಳೆಯ ಗೆಳತಿಯೊಬ್ಬಳು ಧಾರವಾಡದಲ್ಲಿ ಮಾತಿನ ಚಿಕಿತ್ಸೆ ಮಾಡುವ ಹೆಣ್ಣುಮಗಳೊಬ್ಬಳ ನಂಬರು ಕೊಟ್ಟಳು. ಕನ್ನಡದಲ್ಲೇ ಕಲಿಸುತ್ತಾಳೆ, ವಿಡಿಯೋದಲ್ಲಿ. ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ಹನ್ನೊಂದಕ್ಕೆ. ಇವರನ್ನು ಕಾಕಾ ಅನ್ನುತ್ತಿದ್ದಳು, ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ನಮ್ಮ ಕಡೆ ಟೀಚರಮ್ಮನಿಗೆ ಹಾಗೇ ಅನ್ನುವುದು. ಎಷ್ಟೋ ವರ್ಷದ ಮೇಲೆ ಆ ಶಬ್ದ ಕೇಳಿ ಸಮಾಧಾನ ಅನಿಸಿತು.

ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ಇಡುತ್ತಿದ್ದೆ. ಅವಳು "ಕಾಕಾರ, ನನ್ನ ಬಾಯಿ ನೋಡ್ರಿ, ತುಟಿ ಕೂಡಿಸ್ರಿ" ಅನ್ನುತ್ತಿದ್ದಳು. ಅವಳ ಬಾಯಿ ಆ ಫೋನಿನಲ್ಲಿ ಒಂದು ಹೆಸರುಕಾಳಿನಷ್ಟಿತ್ತು. ಇವರು ಬಗ್ಗಿ ನೋಡಲು ಹೋಗಿ ಕುರ್ಚಿಯಿಂದ ಜಾರುತ್ತಿದ್ದರು. ಮೂರನೇ ವಾರ ಅವಳೇ ಹೇಳಿದಳು: "ಅಕ್ಕಾರ, ಫೋನಿನ್ಯಾಗ ನನ್ನ ತುಟಿ ಕಾಕಾರಿಗೆ ಕಾಣೂದಿಲ್ಲ. ಒಂದ್ ಸಣ್ಣ ಲ್ಯಾಪ್‌ಟಾಪ್ ತಗೋರಿ. ಭಾರಿದೇನೂ ಬ್ಯಾಡ. ವಿಡಿಯೋ ನಡದ್ರ ಸಾಕು. ಮುಖ್ಯ ಅಂದ್ರ ಅವರs ತಗದು, ಅವರs ಶುರು ಮಾಡ್ಬೇಕು. ನೀವು ಮಾಡಿ ಕೊಡಬ್ಯಾಡ್ರಿ."

ನನಗೆ ಲ್ಯಾಪ್‌ಟಾಪಿನ ವಿಷಯ ಅಷ್ಟಕ್ಕಷ್ಟೇ. ಶಾಲೆಗೆ ಕೊಟ್ಟಿದ್ದ ಕಂಪ್ಯೂಟರಿಗೆ ಹೆಡ್‌ಮಾಸ್ತರು ಬಟ್ಟೆ ಹೊದಿಸಿ ಇಟ್ಟಿದ್ದರು, ಆಯುಧಪೂಜೆಗೆ ಮಾತ್ರ ಅದರ ದರ್ಶನ. ಮಗಳಿಗೆ ಕೇಳಿದೆ. ಅವಳು ಸ್ಕ್ರೀನು, ರ್‍ಯಾಮು, ಪ್ರೊಸೆಸರು ಅಂತ ಹಿಂದಿಯಲ್ಲಿ ಹತ್ತು ನಿಮಿಷ ಹೇಳಿ, ದೊಡ್ಡದನ್ನೇ ತೆಗೆದುಕೋ, ಶನಿವಾರ ನಾನೂ ಬರುತ್ತೇನೆ ಅಂದಳು. ಶನಿವಾರ ಬೆಳಗ್ಗೆ ಆಫೀಸಿನ ಕೆಲಸ ಬಂತು ಅಂತ ಮೆಸೇಜು ಹಾಕಿದಳು. ಸರಿ, ಪಾಠ ಮುಗಿಸಿ ನಾವಿಬ್ಬರೇ ಹೊರಟೆವು. ಬೇಡ ಅಂದರೂ ಇವರು ಕೇಳಲಿಲ್ಲ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು. ಮೂವತ್ತೈದು ವರ್ಷ ಮಶೀನು ಮುಟ್ಟಿ ನೋಡಿ ಪಾಸು ಫೇಲು ಮಾಡಿದ ಮನುಷ್ಯ, ಮನೆಗೊಂದು ಮಶೀನು ಬರುವಾಗ ಸುಮ್ಮನಿರುತ್ತಾರೆಯೇ? ಎರಡು ಮಹಡಿ ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ರಿಕ್ಷಾದವನು ಸ್ಟೇಷನ್ ಹತ್ತಿರದ ಅಂಗಡಿಯ ಮುಂದೆಯೇ ಇಳಿಸಿದ, ಪುಣ್ಯಾತ್ಮ.

ಅಂಗಡಿ ಸಣ್ಣದು, ಎಸಿ ಜೋರು. ಅಂಗಡಿಯವನಿಗೆ ನಲವತ್ತಿರಬಹುದು, ಹಣೆಗೆ ಕುಂಕುಮ, ಮಾತೆಲ್ಲ ಹಿಂದಿ. ಏನಕ್ಕೆ ಬೇಕು ಅಂದ. ವಿಡಿಯೋ ಕಾಲು ಮಾಡಲು ಅಂದೆ. ಅಷ್ಟೇನಾ ಅಂದ. ಅಷ್ಟೇ ಅಂದೆ. "ಫಿರ್ ತೋ ಬೇಸಿಕ್ ಯೂಸ್ ಹೈ, ಆಂಟಿ" ಅಂತ ನಕ್ಕ. ನನಗೆ ಮೈ ಉರಿಯಿತು. ಒಬ್ಬ ಮನುಷ್ಯನಿಗೆ ಮಾತು ಬರಬೇಕು, ಮಗಳ ಜೊತೆ ಮತ್ತೆ ನಾಲ್ಕು ಮಾತಾಡಬೇಕು, ಇದು ಇವನಿಗೆ ಬೇಸಿಕ್ಕು. ಆದರೆ ಅವನಿಗೆ ಏನು ಗೊತ್ತು ಪಾಪ? ಜಗಳಕ್ಕೂ ಶಕ್ತಿ ಬೇಕು.

ಎರಡು ಲ್ಯಾಪ್‌ಟಾಪು ಮುಂದಿಟ್ಟ. ಒಂದು ದೊಡ್ಡದು, ಮಗಳು ಹೇಳಿದಂಥದ್ದು, ಚೆಂದವಾಗಿತ್ತು. ಇನ್ನೊಂದು ಸಣ್ಣದು, ನಮ್ಮ ಶಾಲೆಯ ಹಾಜರಿ ಪುಸ್ತಕದ ಅಳತೆ. ಇವರು ಮೊದಲು ದೊಡ್ಡದರ ಮುಚ್ಚಳಕ್ಕೆ ಎಡಗೈ ಹಾಕಿದರು. ಕೀಲು ಬಿಗಿ, ಮುಚ್ಚಳದ ಜೊತೆ ಅಡಿಯೂ ಎದ್ದು ಬಂತು. ಇನ್ನೊಂದು ಕೈಯಿಂದ ಅಡಿ ಒತ್ತಿ ಹಿಡಿಯಬೇಕು, ಬಲಗೈಯಲ್ಲಿ ಆ ಶಕ್ತಿ ಎಲ್ಲಿದೆ? ಎರಡನೇ ಸಲ ಪ್ರಯತ್ನಿಸಿದರು, ಮತ್ತೆ ಹಾಗೇ. ಅಂಗಡಿಯವ ನೆರವಿಗೆ ಬಂದಾಗ ಅವನ ಕೈ ತಳ್ಳಿದರು. ಆಮೇಲೆ ಸಣ್ಣದಕ್ಕೆ ಕೈ ಹಾಕಿದರು. ಅದರ ಕೀಲು ಸ್ವಲ್ಪ ಸಡಿಲ, ಅಗ್ಗದ ಮಾಲು ನೋಡಿ. ಒಂದೇ ಬೆರಳಿಗೆ ಸರಾಗವಾಗಿ ತೆರೆದುಕೊಂಡಿತು. ಮುಚ್ಚಿದರು, ತೆರೆದರು, ಮುಚ್ಚಿದರು. ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ನೋಡಿದರು, ಇಳಿಸಿದರು. ಆಮೇಲೆ ಅಂಗಡಿಯವನ ಮುಖ ನೇರವಾಗಿ ನೋಡಿ, "ಹ್ಯಾಂಗ?" ಅಂದರು.

"ನಹೀಂ ಅಂಕಲ್, ಹ್ಯಾಂಗ್ ನಹೀಂ ಹೋತಾ" ಅಂದ ಅಂಗಡಿಯವ.

ನಾನು ನಗು ತಡೆದುಕೊಂಡೆ. ಇವರು ಹೇಗೆ ಅಂತ ಕೇಳಿದರೆ, ಮಶೀನು ನಡುವೆ ಮರಗಟ್ಟಿ ನಿಲ್ಲುತ್ತದಲ್ಲ, ಆ ಹ್ಯಾಂಗು ಅಂತ ಅವನು ತಿಳಿದಿದ್ದ. ಇವರು ಮತ್ತೆ, ಇನ್ನೂ ಗಟ್ಟಿಯಾಗಿ, "ಹ್ಯಾಂಗ?" ಅಂದರು. "ಅರೇ ಅಂಕಲ್, ಗ್ಯಾರಂಟಿ ದೇತಾ ಹೂಂ." ಮೂರನೇ ಸಲ ಕೇಳಿದಾಗ ಅವನಿಗೆ ಅವಮಾನವಾಯಿತು. ಬಿಲ್ಲಿನ ಪುಸ್ತಕ ತೆಗೆದು, ಹ್ಯಾಂಗ್ ಆದರೆ ಏಳು ದಿನದೊಳಗೆ ವಾಪಸು ತಗೊಂಡು ದೊಡ್ಡದನ್ನು ಕೊಡುತ್ತೇನೆ, ಡಬ್ಬ ಮಾತ್ರ ಹರಿಯಬಾರದು ಅಂತ ಬರೆದು ಸಹಿ ಹಾಕಿಯೇ ಬಿಟ್ಟ. ಅವನು ತಪ್ಪು ತಿಳಿದಿದ್ದಾನೆ ಅಂತ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ನಮಗೇನು, ಏಳು ದಿನ ಸಿಕ್ಕಿತಲ್ಲ.

ಏಳು ದಿನ ಅಂದರೆ ಮೂರು ಪಾಠ. ಮಂಗಳವಾರ, ಗುರುವಾರ, ಶನಿವಾರ.

ಆ ಸಣ್ಣ ಮಶೀನಿನ ಗುಣಗಾನ ಮಾಡುತ್ತೇನೆ, ಕೇಳಿ. ಒತ್ತಿದ ಮೇಲೆ ಏಳಲು ಕುಕ್ಕರು ಎರಡು ಸೀಟಿ ಹಾಕುವಷ್ಟು ಹೊತ್ತು. ದನಿ ಡಬ್ಬಿಯೊಳಗೆ ಸಿಕ್ಕ ನೊಣದ ಹಾಗೆ, ಫ್ಯಾನು ಆರಿಸಿದರೆ ಮಾತ್ರ ಕೇಳಿಸುತ್ತದೆ. ಅಕ್ಟೋಬರಿನ ಮುಂಬೈ ಸೆಕೆಯಲ್ಲಿ ಫ್ಯಾನು ಆರಿಸಿ ಕೂರುವುದು ಅಂದರೆ ಏನು ಅಂತ ಇಲ್ಲಿದ್ದವರಿಗೆ ಗೊತ್ತು. ಬಂದ ದಿನವೇ ಜಾಗ ಕಡಿಮೆ ಇದೆ ಅಂತ ಚೀಟಿ ತೋರಿಸಿತು. ಇನ್ನೂ ಏನೂ ಇಟ್ಟಿಲ್ಲ ಮಹರಾಯ, ಆಗಲೇ ಜಾಗ ಇಲ್ಲವಂತೆ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನ್ನೂ ಮಾಡುವುದಿಲ್ಲ. ಆದರೆ ಧಾರವಾಡದ ಹುಡುಗಿಯ ಮುಖ ಅದರಲ್ಲಿ ಮುಖದಷ್ಟೇ ದೊಡ್ಡದಾಗಿ ಕಂಡಿತು. ತುಟಿ, ಹಲ್ಲು, ನಾಲಿಗೆ ಎಲ್ಲ. ಮಂಗಳವಾರ ಇವರು ಹಾಸಿಗೆಯ ಪಕ್ಕದಿಂದ ಅದನ್ನು ಎಡಗಂಕುಳಲ್ಲಿ ಇಟ್ಟುಕೊಂಡು, ಗೋಡೆಗೆ ಭುಜ ಆನಿಸುತ್ತ ತಾವೇ ಮೇಜಿನ ತನಕ ತಂದರು. ತಾವೇ ತೆರೆದು, ತಾವೇ ಗುಂಡಿ ಒತ್ತಿದರು. ಏಳು ತಿಂಗಳಲ್ಲಿ ಆ ಮನುಷ್ಯ ನನ್ನನ್ನು ಕರೆಯದೆ ಮಾಡಿದ ಮೊದಲ ಕೆಲಸ ಅದು. ನಾನು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ, ಮುಟ್ಟಬಾರದು ಅಂತ.

ಅವಳ ಪಾಠದ ಕ್ರಮ ಬೇರೆಯೇ. ಅ ಆ ಇಲ್ಲ, ಕಾರ್ಡಿಲ್ಲ. ಎಡಗೈಯಿಂದ ಮೇಜು ತಟ್ಟುತ್ತ ರಾಗವಾಗಿ ಹೇಳಿಸುವುದು. "ಊ-ಟ ಆ-ತು. ಚ-ಹಾ ಆ-ತು." ಮನೆಯಲ್ಲಿ ದಿನಾ ಏನೇನು ಆಗುತ್ತದೋ ಅದಕ್ಕೆಲ್ಲ ಆತು ಹಚ್ಚುವುದು. ಜಳಕ ಆತು, ಔಷಧ ಆತು. ನಾನು ಒಳಗೆ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡು, ಇಪ್ಪತ್ತೆಂಟು ವರ್ಷದಲ್ಲಿ ನನಗೇಕೆ ಇದು ಹೊಳೆಯಲಿಲ್ಲ ಅಂತ ನನ್ನ ಮೇಲೆ ಸಿಟ್ಟಾದೆ. ಇವರು ತಟ್ಟುತ್ತಿದ್ದರು, ಬಾಯಿ ಅವಳ ಹಾಗೇ ತೆರೆಯುತ್ತಿತ್ತು. ಗುರುವಾರ "ಆ..." ಅಂತ ಒಂದು ಉದ್ದನೆಯ ದನಿ ಬಂತು. "ಬಂತು ನೋಡ್ರಿ ಕಾಕಾರ!" ಅಂದಳು ಅವಳು, ಅಂದವಳ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ಚಿತ್ರ ಮರಗಟ್ಟಿತ್ತು.

ಮಂಗಳವಾರ ಎರಡು ಸಲ, ಗುರುವಾರ ಮೂರು ಸಲ ಹೀಗಾಯಿತು. ಪ್ರತಿ ಸಲ ಇವರು ನನ್ನ ಕಡೆ ತಿರುಗಿ "ಹ್ಯಾಂಗ" ಅನ್ನುತ್ತಿದ್ದರು. ಪಾಠ ಹೇಗೆ ನಡೆದಿದೆ ಅಂತ ಕೇಳುತ್ತಿದ್ದಾರೆ ಅಂದುಕೊಂಡು, "ಚೊಲೊ ನಡದದ ರೀ, ನೀವು ಮುಂದ ನೋಡ್ರಿ" ಅಂತ ಹುರಿದುಂಬಿಸುತ್ತಿದ್ದೆ. ಅವರು ಮೇಜು ಗುದ್ದುತ್ತಿದ್ದರು. ಎಷ್ಟು ಸಮಾಧಾನ ಮಾಡಿದರೂ ಇಷ್ಟೇ ಅಂತ ನಾನು ಒಳಗೆ ಹೋಗುತ್ತಿದ್ದೆ.

ಗುರುವಾರ ಸಂಜೆ ಮಗಳಿಗೆ ಎಲ್ಲ ಹೇಳಿದೆ. ಅದು ಆಟಿಕೆ ಸಾಮಾನು ಮಮ್ಮಿ, ಲ್ಯಾಪ್‌ಟಾಪೇ ಅಲ್ಲ, ಶನಿವಾರ ಬಂದು ವಾಪಸು ಕೊಟ್ಟು ದೊಡ್ಡದು ತರುತ್ತೇನೆ ಅಂದಳು. ಅಪ್ಪನಿಗೆ ಅದನ್ನು ಒಂದು ಕೈಯಿಂದ ತೆರೆಯಲು ಬರುವುದಿಲ್ಲ ಅಂದೆ. "ತೋ ತುಮ್ ಖೋಲ್ ಕೇ ದೇನಾ." ನಾನು ತೆರೆದು ಕೊಟ್ಟರಾಯಿತಂತೆ. ಅವಳು ಹೇಳಿದ್ದೂ ತಪ್ಪಲ್ಲ. ಪಾಠದ ನಡುವೆ ನಿಂತು ಹೋಗುವ ಮಶೀನು ಇಟ್ಟುಕೊಂಡು ಏನು ಮಾಡುವುದು? ಇಲ್ಲಿ ಒಂದೊಂದು ಶಬ್ದಕ್ಕೆ ತಿಂಗಳು ಹಿಡಿಯುತ್ತಿದೆ. ಲ್ಯಾಪ್‌ಟಾಪಿನ ಡಬ್ಬವನ್ನು ಅಟ್ಟದಿಂದ ಇಳಿಸಿ, ಒರೆಸಿ, ಬಾಗಿಲ ಪಕ್ಕ ಇಟ್ಟೆ. ಇವರು ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು.

ಶನಿವಾರ ಮಗಳು ಬಂದಾಗ ಹತ್ತೂವರೆ. ಕಾಂದಿವಲಿಯಿಂದ ಅಂಧೇರಿ, ಅಲ್ಲಿಂದ ಮೆಟ್ರೋದಲ್ಲಿ ಘಾಟ್ಕೋಪರ್, ಮತ್ತೆ ಲೋಕಲ್ಲು ಹಿಡಿದು ಬಂದಿದ್ದಳು, ಮುಖ ಬಾಡಿತ್ತು. ಅಪ್ಪನ ಪಾದ ಮುಟ್ಟಿದಳು. ಅವರು ತಲೆ ಸವರಿದರು. ಆಮೇಲೆ ಇಬ್ಬರೂ ಏನು ಮಾಡಬೇಕು ಅಂತ ತಿಳಿಯದೆ ಫ್ಯಾನು ನೋಡುತ್ತ ಕೂತರು. ಮೊದಲಾಗಿದ್ದರೆ ನಾನು ಇಬ್ಬರ ಬಾಯಿ ಮುಚ್ಚಿಸಬೇಕಾಗುತ್ತಿತ್ತು. ಹನ್ನೊಂದಕ್ಕೆ ಕೊನೆಯ ಪಾಠ ಮುಗಿಯಲಿ, ಆಮೇಲೆ ಅಂಗಡಿಗೆ ಹೋಗೋಣ ಅಂದೆ. ಅವರು ಎದ್ದು, ಮಶೀನು ಕಂಕುಳಲ್ಲಿಟ್ಟುಕೊಂಡು, ಭುಜವನ್ನು ಗೋಡೆಗೆ ಆನಿಸುತ್ತ ಮೇಜಿಗೆ ಹೋಗಿ ಒಂದೇ ಬೆರಳಿನಿಂದ ತೆರೆದರು. ಮಗಳು ಎದ್ದು ನಿಂತಳು, ಹಿಡಿದುಕೊಳ್ಳಲು. ನಾನು ಅವಳ ರಟ್ಟೆ ಹಿಡಿದು ಕೂರಿಸಿದೆ.

ಪಾಠ ಶುರುವಾಯಿತು. ಚಹಾ ಆತು, ಊಟ ಆತು. ಇವರ ಎಡಗೈ ತಟ್ಟುತ್ತಿತ್ತು, ದನಿ ಬರುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಅವಳ ಮುಖ ಮರಗಟ್ಟಿತು, ಬಾಯಿ 'ಆ' ಅಂತ ತೆರೆದದ್ದು ತೆರೆದ ಹಾಗೆ. ಕೋಣೆಯಲ್ಲಿ ಸದ್ದಿಲ್ಲ, ಫ್ಯಾನೂ ಇಲ್ಲ. ಇವರು ನನ್ನ ಕಡೆ ತಿರುಗಿದರು. ಮೇಜು ತಟ್ಟಿದರು, ಒಂದು, ಎರಡು, ಮೂರು.

"ಹ್ಯಾಂಗ್ ಆ-ತು" ಅಂದರು.

ಹ್ಯಾಂಗಾತು. ಹೇಗಾಯಿತು. ಏಳು ತಿಂಗಳಿಂದ ನಾನು ಹೆದರಿಕೊಂಡು ಕೂತಿದ್ದ ಪ್ರಶ್ನೆ ಅದೇ. ಒಂದಲ್ಲ ಒಂದು ದಿನ ಇವರಿಗೆ ಮಾತು ಬರುತ್ತದೆ, ಬಂದ ದಿನ ಮೊದಲು ಇದನ್ನೇ ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ.

"ಹ್ಯಾಂಗಾತು ಅಂತ ನನ್ನ ಕೇಳ್ತೀರೇನ್ರೀ? ಕೈ ಜುಮ್ ಅಂತದ ಅಂತ ನೀವು ಹೇಳಿದ್ರಿ. ನಾನs ಕೇಳ್ಲಿಲ್ಲ. ನೆಪ ಮಾಡ್ತೀರಿ ಅಂದ್ಕೊಂಡೆ. ಹಾಲು ತರಾಕ ನಾನs ಕಳಿಸಿದೆ. ಆ ಹಾಲು ನಾಲ್ಕ್ ದಿನ ಕಟ್ಟಿ ಮ್ಯಾಲೆ ಹಂಗs ಇತ್ತು, ಒಡದು ನಾತ ಹೊಡೀತಿತ್ತು. ಡಾಕ್ಟರಿಗೆ ಸುಳ್ಳು ಹೇಳೀನಿ, ಇಕಿಗೂ ಸುಳ್ಳು ಹೇಳೀನಿ. ಹಿಂಗಾತು. ಸಾಕೇನು?"

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳಿದ ಮೇಲೆ ಮಗಳು ಅಲ್ಲೇ ಕೂತಿದ್ದಾಳೆ ಅಂತ ನೆನಪಾಯಿತು.

ಅವಳು ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು. "ಮಮ್ಮಿ, ಏಕ್ ಮಿನಿಟ್" ಅಂದಳು, ಮೆಲ್ಲಗೆ. "ಪಪ್ಪಾ ಲ್ಯಾಪ್‌ಟಾಪ್ ಕಾ ಬೋಲ್ ರಹೇ ಹೈಂ. ಹ್ಯಾಂಗ್ ಹೋ ಗಯಾ, ಬೋಲ್ ರಹೇ ಹೈಂ."

ಅಪ್ಪ ಹೇಳಿದ್ದು ಲ್ಯಾಪ್‌ಟಾಪು ಹ್ಯಾಂಗ್ ಆಯಿತು ಅಂತಂತೆ. ಅವಳು ಸ್ಕ್ರೀನಿಗೆ ಕೈ ತೋರಿಸಿ, ಅಪ್ಪನ ಮುಖಕ್ಕೆ ಮುಖ ತಂದು, "ಹ್ಯಾಂಗ್ ಆತು, ಪಪ್ಪಾ?" ಅಂದಳು. ಅವರ ಎಡಗೈ ಮೇಜಿನ ಮೇಲೆ ದಬ್ ಅಂತ ಬಿತ್ತು. "ಆತು" ಅಂದರು. ಮತ್ತೆ ಅಂದರು, "ಆತು, ಆತು." ಮುಖದ ಬಲಭಾಗ ಸುಮ್ಮನಿತ್ತು, ಎಡಭಾಗ ನಗುತ್ತಿತ್ತು. ಮಗಳು ಅಪ್ಪನ ಹೆಗಲಿಗೆ ಹಣೆ ಇಟ್ಟು ಅತ್ತುಬಿಟ್ಟಳು. ಅಷ್ಟು ಹೊತ್ತಿಗೆ ಮಶೀನಿಗೆ ಜೀವ ಬಂದು, ಧಾರವಾಡದ ಹುಡುಗಿ "ಹಲೋ, ಕೇಳಸ್ತದೇನ್ರಿ?" ಅನ್ನುತ್ತಿದ್ದಳು.

ನನಗೆ ಸಂತೋಷವಾಯಿತು ಅಂತ ಬರೆದರೆ ಅರ್ಧ ಸುಳ್ಳು. ಮೊದಲು ಆದದ್ದು ಹೊಟ್ಟೆಕಿಚ್ಚು. ಅವರ ಒಂದೊಂದು ಹ್ಯಾಂಗಕ್ಕೂ ಎದ್ದು ಓಡಿದವಳು ನಾನು. ಕನ್ನಡದ ಟೀಚರು ನಾನು. ನನಗೆ ತಿಳಿಯದ್ದು, ನಾಲ್ಕು ಕನ್ನಡ ಶಬ್ದ ನೆಟ್ಟಗೆ ಆಡಲು ಬಾರದವಳಿಗೆ ತಿಳಿಯಿತು. ಆಮೇಲೆ ಮಂಗಳವಾರದ ಎರಡು, ಗುರುವಾರದ ಮೂರು ನೆನಪಾದವು. ಪ್ರತಿ ಸಲ ಅವರು ಸರಿಯಾಗಿಯೇ ಹೇಳಿದ್ದರು. ಹ್ಯಾಂಗ್ ಆಗಿದೆ, ಬಂದು ನೋಡು ಅಂತ. ನಾನು ಚೊಲೊ ನಡದದ ಅಂತ ಹೇಳಿ ಅಡುಗೆಮನೆಗೆ ಹೋಗಿದ್ದೆ. ಅಂಗಡಿಯ ಮಾತೂ ನೆನಪಾಯಿತು. ಮಶೀನಿನ ಮನುಷ್ಯ, ಮಶೀನು ಕೊಳ್ಳುವಾಗ ಮತ್ತೇನು ಕೇಳುತ್ತಾರೆ? ಅಂಗಡಿಯವನು ತಪ್ಪು ತಿಳಿದ ಅಂತ ನಾನು ಒಳಗೊಳಗೇ ನಕ್ಕಿದ್ದೆ. ಅವನಿಗೆ ಸರಿಯಾಗಿಯೇ ತಿಳಿದಿತ್ತೋ ಏನೋ.

ಊಟವಾದ ಮೇಲೆ ಮಗಳು ಡಬ್ಬವನ್ನು ಎತ್ತಿ ಮತ್ತೆ ಅಟ್ಟದ ಮೇಲೆ ಹಾಕಿದಳು. ಮಶೀನಿನಲ್ಲಿದ್ದ ಬೇಡದ್ದನ್ನೆಲ್ಲ ಕೂತು ತೆಗೆದುಹಾಕಿದಳು. ಅಪ್ಪ ಪಕ್ಕದಲ್ಲಿ ಕೂತು ಒಂದೊಂದಕ್ಕೂ "ಆತು" ಅನ್ನುತ್ತಿದ್ದರು. ಅಂಗಡಿಯವ ಸಂಜೆ ತಾನೇ ಫೋನ್ ಮಾಡಿದ, ಇವತ್ತು ಕೊನೆ ದಿನ ಆಂಟಿ, ಹ್ಯಾಂಗ್ ಆಗುತ್ತದೆಯೇ ಅಂತ. ಆಗುತ್ತದೆ ಅಂದೆ. ಹಾಗಾದರೆ ತನ್ನಿ ಅಂದ. ಇರಲಿ, ಇಟ್ಟುಕೊಳ್ಳುತ್ತೇವೆ ಅಂದೆ.

ಹೊರಡುವಾಗ ಮಗಳು ಮೆಟ್ಟಿಲ ಹತ್ತಿರ ನಿಂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ, ತಲೆ ಎತ್ತದೆ ಅಂದಳು: "ಮಮ್ಮಿ, ನೀನು ಹಾಲಿಂದು ಹೇಳಿದ್ದು... ನಂಗೆ ಏನೂ ಕೇಳ್ಲಿಲ್ಲ, ಹಾಂ." ನನ್ನ ಜೊತೆ ಅವಳು ಇಷ್ಟುದ್ದ ಕನ್ನಡ ಆಡಿದ್ದು ಯಾವಾಗಲೋ ನೆನಪಿಲ್ಲ.

ಈಗ ನಾಲ್ಕು ತಿಂಗಳಾಯಿತು. ಮಶೀನು ಹಾಗೇ ಇದೆ, ಪಾಠಕ್ಕೆ ಒಂದೆರಡು ಸಲ ನಿಲ್ಲುತ್ತದೆ. ಇವರೇ ಗುಂಡಿ ಒತ್ತಿ ಹಿಡಿದು ಮತ್ತೆ ಎಬ್ಬಿಸುತ್ತಾರೆ. ಹತ್ತು ಹನ್ನೆರಡು ಶಬ್ದ ಬಂದಿವೆ, ಎಲ್ಲ ಕನ್ನಡದವು. ಹಿಂದಿ ಬಂದಿಲ್ಲ, ಬರುತ್ತದೆ ಅಂತ ಯಾರೂ ಹೇಳಿಲ್ಲ. ಮಗಳು ಭಾನುವಾರ ಅದೇ ಸ್ಕ್ರೀನಿನಲ್ಲಿ ಬಂದು ಎಡವುತ್ತ ಎಡವುತ್ತ "ಊಟ ಆತು?" ಅಂತ ಕೇಳುತ್ತಾಳೆ. ಅದರ ಮುಂದೆ ಇಬ್ಬರಿಗೂ ಮಾತಿಲ್ಲ, ಆದರೂ ವಿಡಿಯೋ ಆರಿಸುವುದಿಲ್ಲ.

ನಾನು ಒಂದು ಕಲಿತಿದ್ದೇನೆ. ಹ್ಯಾಂಗ ಅಂದ ತಕ್ಷಣ ಓಡಿ ನೀರು ತರುವುದನ್ನು ಬಿಟ್ಟಿದ್ದೇನೆ. ನಿಂತು ಕೇಳುತ್ತೇನೆ, "ಯಾವ ಹ್ಯಾಂಗ ರೀ?" ಅಂತ. ಅವರು ಎಡಗೈ ಎತ್ತಿ ತೋರಿಸುತ್ತಾರೆ. ಒಮ್ಮೊಮ್ಮೆ ಫ್ಯಾನಿನ ಕಡೆ, ಒಮ್ಮೊಮ್ಮೆ ಲ್ಯಾಪ್‌ಟಾಪಿನ ಕಡೆ. ಮೊನ್ನೆ ಮಧ್ಯಾಹ್ನ ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಂಡು ಬಂದು ಗೋಡೆಗೆ ಒರಗಿ ಕೂತಿದ್ದೆ. ಹ್ಯಾಂಗ ಅಂದರು. ಯಾವ ಹ್ಯಾಂಗ ರೀ ಅಂದೆ. ಅವರ ಕೈ ನನ್ನ ಕಡೆ ಬಂದು ನಿಂತಿತು.

ಹಾಗಾದರೆ ಇಷ್ಟು ದಿನದ ಹ್ಯಾಂಗಗಳಲ್ಲಿ ಎಷ್ಟು ಸಲ ನೀನು ಹ್ಯಾಂಗ ಅಂತ ನನ್ನನ್ನೇ ಕೇಳಿದ್ದರೋ, ನಾನು ಎಷ್ಟು ಸಲ ನೀರು ತಂದಿಟ್ಟಿದ್ದೆನೋ.

"ಸಾಕಾಗ್ಯದ ರೀ" ಅಂದೆ. "ಭಾಳ ಸಾಕಾಗ್ಯದ."

ಅವರು ತಲೆ ಆಡಿಸಿದರು, ಹಾಸಿಗೆಯಲ್ಲಿ ಸ್ವಲ್ಪ ಆ ಕಡೆ ಸರಿದು ಜಾಗ ಮಾಡಿದರು.